ಲಿಂಕ್ ಕೆನಾಲ್ ಅಭಿಪ್ರಾಯ: ತಳಿಗಳು, ಲಕ್ಷಣಗಳು

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕುರಿತ ಅಭಿಪ್ರಾಯದಲ್ಲಿ ಎರಡು ತಳಿ: ಕುಣಿಗಲ್‌ನದು, ಗುಬ್ಬಿಯದು. ಗೊರೂರು ಅಣೆಕಟ್ಟೆಯ ನೀರನ್ನು ನಾಲೆಯ ನಡುವಿನಿಂದಲೇ ಪೈಪಿನಲ್ಲಿ ಕುಣಿಗಲ್ ಕಡೆಗೆ ಒಯ್ಯುವ ಈ ಯೋಜನೆಯ ವಿರುದ್ಧ 2025ರ ಮೇ ತಿಂಗಳಲ್ಲಿ ಗುಬ್ಬಿ ಭಾಗದ ರೈತರು ಬೀದಿಗಿಳಿದರು. ಯಡಿಯೂರಿನಲ್ಲಿ ಎರಡೂ ತಳಿ ಒಂದೇ ಬೆಂಚಿನ ಮೇಲೆ ಸಿಗುತ್ತವೆ. ಸಿದ್ಧಲಿಂಗೇಶ್ವರಸ್ವಾಮಿ ದರ್ಶನ ಮುಗಿಸಿ ಟೀ ಅಂಗಡಿಗೆ ಬಂದವರೆಲ್ಲ ನೀರಾವರಿ ತಜ್ಞರೇ. ಮಾದರಿ:

“ನಮ್ಮ ಪಾಲು ನಾವು ಕೇಳಿದ್ರೆ ತಪ್ಪಾ ಅಣ್ಣ?”

“ಪೈಪು ಕುಣಿಗಲ್‌ಗೆ ನಿಲ್ತದಾ? ಮಾಗಡಿಗೆ ಹೋಯ್ತದೆ, ಬರ್ಕೊಳ್ಳಿ.”

“ನಾಲೇಲಿ ಬಿಟ್ರೆ ನಮ್ಮ ಕೆರೆಗೆ ಬರೋದ್ರೊಳಗೆ ನಿಮ್ಮ ತೆಂಗು ಕುಡಿದಿರ್ತವೆ!”

“ನಮ್ಮ ತೆಂಗು ಒಣಗ್ಲಿ ಅಂತೀರಾ?”

ಮೂರನೇ ತಳಿ ಅಂಗಡಿಯವನದು, ಪತ್ರಿಕೆಗಳಲ್ಲಿ ಅಪರೂಪ: “ಸ್ವಾಮಿ, ಲೋಟ ತೊಳೆಯಕ್ಕೂ ನಾನು ಟ್ಯಾಂಕರ್ ನೀರು ತರಿಸ್ತೀನಿ. ಮೊದ್ಲು ಟೀ ದುಡ್ಡು ಕೊಡಿ.”