ಕಂಬಳಿಯೊಳಗಿನ ಮೈಕು

ಪಕ್ಕದ ಮನೆ ಹುಡುಗಿ ಒಂದು ವಾರದಿಂದ ಅವಳಜ್ಜಿಯ ಕುರಿ ಕಂಬಳಿ ಮುಸುಕು ಹಾಕ್ಕೊಂಡು ಮೂಲೆಯಲ್ಲಿ ಕೂತು ಅದೇನೋ ಮಣಮಣ ಅಂತಿದ್ಲು. ಕಡೂರಿನ ಈ ಧಗೆಯಲ್ಲಿ ಕಂಬಳಿ ಅಂದ್ರೆ ಚಳಿಜ್ವರವೇ ಇರಬೇಕು ಅಂತ ಕಷಾಯ ಕಾಸಿಕೊಂಡು ಹೋದೆ. ನೋಡಿದ್ರೆ ಮುಸುಕಿನೊಳಗೆ ಮೈಕು! ವಿಡಿಯೊಗೆ ಡಬ್ಬಿಂಗ್ ಮಾಡೋದು ಕಲೀತಿದ್ದಾಳೆ.

ಕಂಬಳಿ ಯಾಕೆ ಅಂತೀರಾ? ಗೃಹಪ್ರವೇಶದ ಹಿಂದಿನ ದಿನ ಖಾಲಿ ಮನೆಯೊಳಗೆ ಮಾತಾಡಿದ್ದು ನೆನಪಿಸಿಕೊಳ್ಳಿ. ಒಂದು ಮಾತು ನಾಲ್ಕಾಗಿ ಗೋಡೆಯಿಂದ ವಾಪಸ್ ಬರುತ್ತೆ. ಹಾಸಿಗೆ, ರಾಗಿ ಚೀಲ, ಬಟ್ಟೆ ಗಂಟು ಒಳಗೆ ಬಂದ ಮೇಲೇ ಮನೆ ಸುಮ್ಮನಾಗೋದು, ಅಲ್ವಾ? ಸಿಮೆಂಟು ದನಿಯನ್ನ ಹಿಂದಕ್ಕೆ ಎಸೆಯುತ್ತೆ, ಉಣ್ಣೆ ನುಂಗುತ್ತೆ. ಸ್ಟುಡಿಯೊ ಗೋಡೆಗೆ ಮೆತ್ತೆ ಬಡಿದಿರ್ತಾರಲ್ಲ, ಅದರ ಕೆಲಸವೂ ಇಷ್ಟೇ.

ಉಣ್ಣೆ ಅಂದಾಗ ಕುರಿ ನೆನಪಾಯ್ತು. ತರೀಕೆರೆ ಏರಿ ಮೇಲೆ ಮೇಯ್ತಿದ್ದ ಆ ಮೂರು ಕರಿ ಕುರಿಮರಿಗಳನ್ನ ತಡವರಿಸದೆ ಹೇಳಿ ಮುಗಿಸಿದ ಮಗು ನಮ್ಮ ಸೀಮೆಯಲ್ಲಿ ಎಷ್ಟಿದ್ದಾವು? ಹುಡುಗಿ ಬೆಳಗ್ಗೆ ಎದ್ದ ಕೂಡಲೇ ಅದನ್ನೇ ಹತ್ತು ಸಲ ಹೇಳ್ತಾಳೆ, ನಾಲಿಗೆ ಪಳಗಲಿ ಅಂತ. ಇದಕ್ಕಿಂತ ಒಳ್ಳೆ ಪಾಠವನ್ನ ಯಾವ ಸಂಸ್ಥೆ ಕೊಡುತ್ತೆ ಹೇಳಿ.

ಆದ್ರೆ ನಿಜವಾದ ಕಷ್ಟ ನಾಲಿಗೇದಲ್ಲ, ತುಟೀದು. ಪ, ಬ, ಮ ಅನ್ನೋವಾಗ ತುಟಿ ಮುಚ್ಚಲೇಬೇಕು. ತೆರೆ ಮೇಲಿನವನು ಹಿಂದಿಯಲ್ಲಿ ‘ಮತ್ ಜಾವೋ’ ಅಂದ ಅನ್ನಿ. ನಾವು ‘ಹೋಗಬೇಡ’ ಅಂದ್ರೆ ಅವನ ತುಟಿ ಮುಚ್ಚಿದಾಗ ನಮ್ಮದು ತೆರೆದಿರುತ್ತೆ. ‘ಬೇಡ ಕಣೋ’ ಅಂದು ನೋಡಿ, ಸರಿಯಾಗಿ ಕೂರುತ್ತೆ! ಇದನ್ನ ಕಂಡುಹಿಡಿದ ದಿನ ಅವಳು ಬೇಲಿ ಹಾರಿ ಬಂದು ಹೇಳಿದ್ಲು.

ನಮ್ಮಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ಅನಕೃ ಕಾಲದಿಂದ ನಡೆದ ಜಗಳ ನಿಮಗೆ ಗೊತ್ತೇ ಇದೆ. 2015ರಲ್ಲಿ ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗದ ತೀರ್ಪು ಬಂತು, 2017ರಲ್ಲಿ ಡಬ್ ಆದ ಸಿನಿಮಾ ‘ಸತ್ಯದೇವ್ ಐಪಿಎಸ್’ ಬಂತು. ನನಗೆ ಅದರ ಬಗ್ಗೆ ಬೇಜಾರಿಲ್ಲ. ಬೇಜಾರಿರೋದು ಡಬ್ಬಿಂಗ್ ಸಿನಿಮಾದ ಮಾತುಗಳ ಬಗ್ಗೆ. ‘ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ’ ಅಂತ ಅಜ್ಜಂಪುರದ ಸಂತೆಯಲ್ಲಿ ಯಾರು ಜಗಳ ಆಡ್ತಾರೆ? ‘ಬಿಡಲ್ಲ ಕಣೋ’ ಅಂದ್ರೆ ಸಿಟ್ಟೂ ಬರುತ್ತೆ, ತುಟಿಗೂ ಸುಲಭ. ಹಾಗಾಗಿ ಅವಳಿಗೆ ಹೇಳಿದ್ದೀನಿ, ಮೊದಲು ಸಂತೆಗೆ ಹೋಗಿ ಒಂದು ಮೂಲೆಯಲ್ಲಿ ಕೂತು ಕೇಳು, ಆಮೇಲೆ ಮೈಕು ಹಿಡಿ ಅಂತ.

ಮಾತಾಯ್ತು, ಇನ್ನು ಸದ್ದು. ಕುದುರೆ ಓಟಕ್ಕೆ ಎರಡು ಕರಟ ಸಾಕು. ಮಗುಚಿ ಹಿಡಿದು ನೆಲಕ್ಕೆ ಬಡಿದ್ರೆ ಟಕಟಕ ಅಂತ ಕುದುರೆ ಬಂತು! ತೆಂಗಿನ ಸೀಮೆಯಲ್ಲಿ ಕರಟಕ್ಕೇನು ಬರ. ಮಣ್ಣಿನ ಮೇಲೊಂದು, ಕಲ್ಲಿನ ಮೇಲೊಂದು ದನಿ ಅಂತ ಅವಳು ಅಂಗಳ ಪೂರ್ತಿ ಬಡಿದು ನೋಡಿದ್ಲು.

ದೂರದ್ದೊಂದು ಲೆಕ್ಕ ಇದೆ, ಅದು ನನಗೆ ಬಹಳ ಇಷ್ಟ. ಚಿಕ್ಕಂದಿನಲ್ಲಿ ತರೀಕೆರೆಯ ಏರಿ ಮೇಲೆ ನಿಂತು ಆಚೆ ದಡದಲ್ಲಿ ಬಟ್ಟೆ ಒಗೆಯೋದನ್ನ ನೋಡ್ತಿದ್ವಿ. ಬಟ್ಟೆ ಕಲ್ಲಿಗೆ ಬಿದ್ದು ಮತ್ತೆ ಮೇಲೆದ್ದ ಮೇಲೆ ‘ಠಪ್’ ಅನ್ನೋದು ಕಿವಿಗೆ ಬರೋದು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತೆ, ಸಿನಿಮಾ ಚಿತ್ರ ಸೆಕೆಂಡಿಗೆ 24 ಫ್ರೇಮು. ಅಂದ್ರೆ 14 ಮೀಟರಿಗೆ ದನಿ ಒಂದು ಫ್ರೇಮು ಹಿಂದೆ ಬಿತ್ತು. ಅದಕ್ಕೇ ಸದ್ದು ಚೂರು ತಡವಾದ್ರೆ ಕಿವಿ ಒಪ್ಪಿಕೊಳ್ಳುತ್ತೆ, ಚಿತ್ರಕ್ಕಿಂತ ಮೊದಲೇ ಬಂದ್ರೆ ಒಪ್ಪಲ್ಲ. ಬಟ್ಟೆ ಕಲ್ಲಿಗೆ ಬೀಳೋ ಮುಂಚೆ ಠಪ್ ಅಂದಿದ್ದನ್ನ ಯಾರು ತಾನೆ ಕಂಡಿದ್ದಾರೆ, ಅಲ್ವಾ?

ನಿನ್ನೆ ರಾತ್ರಿ ಕರೆದು ಕೂರಿಸಿದ್ಲು. ಎಲ್ಲ ಮಾತು ಮುಗಿದ ಮೇಲೆ ಬರೀ ಕೋಣೆಯ ಮೌನವನ್ನ ಅರ್ಧ ನಿಮಿಷ ಹಿಡಿದಿಡಬೇಕಂತೆ, ಮಾತುಗಳ ನಡುವಿನ ಸಂದಿಗೆ ತುಂಬೋಕೆ. ಗೋಡೆ ಗಡಿಯಾರ ಹೊರಗಿಟ್ಟು, ಫ್ಯಾನು ಆರಿಸಿ, ಅಜ್ಜಿ, ನಾನು, ಅವಳು ಉಸಿರು ಬಿಗಿ ಹಿಡಿದು ಕೂತ್ವಿ. ಹಿತ್ತಿಲಲ್ಲಿ ತೆಂಗಿನ ಗರಿ ಸರಸರ ಅಂತಿತ್ತು. ಇಪ್ಪತ್ತೋ ಇಪ್ಪತ್ತೈದೋ ಸೆಕೆಂಡು ಆಗಿರಬೇಕು, ಬೀರೂರು ಕಡೆ ಹೊರಟ ರೈಲು ಕೂಗ್ತು.

‘ಇನ್ನೊಂದ್ಸಲ’ ಅಂದ್ಲು.