ವಾದ್ಯಗಾರರ ವಾದವಿಸರ್ಜನಾಧಿಕರಣ

ಯಾವ ವಿಚಾರಕ್ಕೂ ಐದು ಅಂಗಗಳಿರಬೇಕೆಂಬುದು ಮೀಮಾಂಸಕರ ಕಟ್ಟಪ್ಪಣೆ. ರಾಕ್ ಸಂಗೀತಕ್ಕೆ ಇದರಿಂದ ವಿನಾಯಿತಿ ಉಂಟೆಂದು ಅವರ ಸೂತ್ರಕಾರ ಜೈಮಿನಿ ಎಲ್ಲಿಯೂ ಹೇಳದ ಕಾರಣ ಇಲ್ಲಿಯೂ ಅದೇ ಕ್ರಮ.

ವಿಷಯ: ಕೆನಡಾದ ರಶ್ ತಂಡದ ಡ್ರಮ್ಮರ್ ಹಾಗೂ ಗೀತರಚನಕಾರ ನೀಲ್ ಪಿಯರ್ಟ್ (1952–2020). 1976ರ ‘2112’ ಆಲ್ಬಮ್ಮಿನ ಒಂದು ಬದಿಯನ್ನು ಇಡಿಯಾಗಿ ತುಂಬಿದ ಕಥನಗೀತೆಯಲ್ಲಿ, ಗಿಟಾರು ಸಿಕ್ಕಿದವನೊಬ್ಬನ ಸಂತೋಷವನ್ನು ದೇಗುಲದ ಅಧಿಕಾರಿಗಳು ಹೊಸಕಿಹಾಕುತ್ತಾರೆ. ಆಲ್ಬಮ್ಮಿನ ಟಿಪ್ಪಣಿಯಲ್ಲಿ ಐನ್ ರ‍್ಯಾಂಡಳ ಪ್ರತಿಭೆಗೆ ಋಣಸ್ಮರಣೆ. ಸ್ವಾರ್ಥವೇ ಸದ್ಗುಣವೆಂದ ಲೇಖಕಿಗೆ ಋಣ ಒಪ್ಪಿಕೊಂಡದ್ದು ಮೊದಲ ಅಪಚಾರ. ತನ್ನತನದ ಪರಮಾಧಿಕಾರ ಸಾರುವ ಸಾಹಿತ್ಯವನ್ನು ತಾನು ಬರೆದು ತಂಡದ ಗಾಯಕ ಗೆಡ್ಡಿ ಲೀ ಕೈಯಲ್ಲಿ ಹಾಡಿಸಿದ್ದು ಎರಡನೆಯದು.

ಸಂಶಯ: 2012ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ರ‍್ಯಾಂಡಳ ಮಾತು ಈಗ ತನ್ನನ್ನು ತಟ್ಟುವುದಿಲ್ಲವೆಂದೂ ತಾನು ಕರುಳು ಮಿಡಿಯುವ ಸ್ವಾತಂತ್ರ್ಯವಾದಿಯೆಂದೂ ಪಿಯರ್ಟ್ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ಹೇಳಿದ. ಇದು ಪಕ್ವತೆಯೋ, ಪಕ್ಷಾಂತರವೋ?

ಪೂರ್ವಪಕ್ಷ: ಅಭಿಮಾನಿ ಪಂಡಿತರು ಪಕ್ಷಾಂತರವೇ ಎನ್ನುತ್ತಾರೆ. ನಾವು ಹದಿನೇಳರಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರು ಮುಂದೆ ಅಭಿಪ್ರಾಯ ಬದಲಿಸಕೂಡದೆಂಬುದು ಅವರ ಮೂಲಸೂತ್ರ. ದೃಷ್ಟಾಂತ ಸಂಗೀತಕಾರ ರಿಚರ್ಡ್ ವ್ಯಾಗ್ನರ್: 1849ರ ಡ್ರೆಸ್ಡೆನ್ ದಂಗೆಯಲ್ಲಿ ಸೇರಿ, ವಾರಂಟು ಹೊರಟಾಗ ಸ್ವಿಟ್ಜರ್ಲೆಂಡಿಗೆ ಓಡಿದವನು. 1864ರಲ್ಲಿ ಬವೇರಿಯಾದ ರಾಜ ಎರಡನೆಯ ಲುಡ್ವಿಗ್ ಅವನ ಸಾಲ ತೀರಿಸಿದ. ಅದೇ ವರ್ಷ ರಾಜತ್ವದ ಮಹಿಮೆ ಕುರಿತು ಅವನಿಂದ ಪ್ರಬಂಧವೂ ಹೊರಟಿತು.

ಉತ್ತರ: ದೃಷ್ಟಾಂತ ಇಲ್ಲಿಗೆ ಒಪ್ಪದು. ಪಿಯರ್ಟ್‌ನ ಸಾಲ ತೀರಿಸಲು ಯಾವ ಲುಡ್ವಿಗ್ಗನೂ ಬಂದಿರಲಿಲ್ಲ. ಇನ್ನೂ ಬಲವಾದ ಪ್ರಮಾಣ ಬೇರೆ ಇದೆ. 1990ರ ದಶಕದಲ್ಲಿ, ಜಗತ್ತಿನ ಡ್ರಮ್ಮರುಗಳೆಲ್ಲ ಕೈಮುಗಿಯುವ ಸ್ಥಿತಿಯಲ್ಲಿದ್ದಾಗ, ಈತ ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಮುಂದೆ ಕುಳಿತು ನುಡಿಸುವ ಬಗೆಯನ್ನೇ ಹೊಸದಾಗಿ ಕಲಿತ. ಹೊಟ್ಟೆಗೆ ಅನ್ನ ಕೊಟ್ಟ ಕೈಯ ಅಭ್ಯಾಸವೇ ನಲವತ್ತು ದಾಟಿದ ಮೇಲೆ ಬದಲಾಗಬಹುದಾದರೆ, ಇಪ್ಪತ್ತರಲ್ಲಿ ಕಾದಂಬರಿ ಓದಿ ತಲೆಗೇರಿದ ತತ್ವದ ಪಾಡೇನು? ‘ದೊಡ್ಡದೇ ಹೀಗಾದರೆ ಚಿಕ್ಕದರ ಮಾತೇನು’ ಎನ್ನುವ ಕೈಮುತಿಕ ನ್ಯಾಯಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಮೇಲಾಗಿ, ರ‍್ಯಾಂಡಳನ್ನು ಬಿಟ್ಟ ಮೇಲೂ ತಂಡ 2015ರಲ್ಲಿ, ಪಿಯರ್ಟ್‌ನ ಕೊನೆಯ ಪ್ರವಾಸದಲ್ಲಿ, ‘2112’ರ ಭಾಗಗಳನ್ನು ನುಡಿಸಿತು. ಸಿದ್ಧಾಂತ ಇಳಿದುಹೋಗಿದ್ದರೂ ಲಯ ಕುಂಟಲಿಲ್ಲ.

ನಿರ್ಣಯ: ಇಪ್ಪತ್ತರಲ್ಲಿ ವಾದ ಹಿಡಿಯುವುದೂ ಅರವತ್ತರಲ್ಲಿ ಬಿಡುವುದೂ ಸಂಗೀತಗಾರನಿಗೆ ಶಾಸ್ತ್ರಸಮ್ಮತ. ಕೇಳುಗನು ಕಾಸು ಕೊಟ್ಟದ್ದು ಹಾಡಿಗೆ, ಹಾಡಿದವನ ಆಜೀವ ಒಪ್ಪಿಗೆಗಲ್ಲ. ತತ್ವ ತಪ್ಪಿದವನಿಗೆ ಪ್ರಾಯಶ್ಚಿತ್ತ ಬೇಕಿಲ್ಲ. ತಾಳ ತಪ್ಪಿದವನಿಗೆ ಪ್ರಾಯಶ್ಚಿತ್ತವೇ ಇಲ್ಲ.