ಬಿರುಕುಶಾಸ್ತ್ರ: ಫ್ಲ್ಯಾಟ್ ಮಾಲೀಕರಿಗೆ ಮೊದಲ ಪಾಠ

ಗೋಡೆಯಲ್ಲಿ ಬಿರುಕು ಕಂಡಾಗ ಜನ ಮಾಡುವ ಮೊದಲ ತಪ್ಪು ಎಂದರೆ ಬಿರುಕನ್ನು ನೋಡುತ್ತಾ ನಿಲ್ಲುವುದು. ನೋಡಬೇಕಾದ್ದು ಪೊಸೆಷನ್ ಲೆಟರಿನ ತಾರೀಖನ್ನು. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷವಿದೆಯೆಂದು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಈ ನಾಲ್ಕು ಸಾಲಿನಿಂದ ತಪ್ಪಿಸಿಕೊಳ್ಳಲು ಬೆಳೆದ ವಿದ್ಯೆಯೇ ಬಿರುಕುಶಾಸ್ತ್ರ.

ಶಾಸ್ತ್ರದ ಮೂಲಸೂತ್ರ: ಬಿರುಕಿನ ಜಾತಿ ತೀರ್ಮಾನವಾಗುವುದು ಅದರ ಅಗಲದಿಂದಲ್ಲ, ವಯಸ್ಸಿನಿಂದ. ಐದು ವರ್ಷದೊಳಗೆ ಕಂಡದ್ದು ಹೇರ್‌ಲೈನ್. ಬಿಲ್ಡರ್ ಕಡೆಯ ಎಂಜಿನಿಯರ್ ಬಂದು ಬೆರಳಲ್ಲಿ ಸವರಿ, "ಪ್ಲಾಸ್ಟರ್ ಸೆಟ್ಲ್ ಆಗ್ತಿದೆ ಸಾರ್, ಎಲ್ಲ ಬಿಲ್ಡಿಂಗಲ್ಲೂ ಇದ್ದದ್ದೇ" ಎನ್ನುತ್ತಾರೆ. ಐದು ವರ್ಷ ಕಳೆದ ಮಾರನೆಯ ದಿನ ಅದೇ ಬಿರುಕು, ಅದೇ ಬೆರಳು: "ಅಯ್ಯೋ, ಇದು ಸ್ಟ್ರಕ್ಚರಲ್ಲು. ಮೊದಲೇ ಹೇಳಬಾರದಿತ್ತಾ?" ಕಾಯ್ದೆಯಲ್ಲಿ ಕಳಪೆ ಕೆಲಸವೂ ಸೇರಿದೆಯಲ್ಲ ಎಂದು ವಾದಿಸುವವರು ಇನ್ನೂ ಒಂದನೇ ಕ್ಲಾಸಿನವರು. ಅವರಿಗೆಂದೇ ಇಟ್ಟ ಪ್ರಶ್ನೆ: "ಟಿವಿ ಹಾಕೋಕೆ ಡ್ರಿಲ್ ಮಾಡಿಸಿದ್ದು ಯಾರು ಸಾರ್?"

ಮುಂದಿನದು ಭೂಗೋಳ. ಕಾರ್ಪೆಟ್ ಏರಿಯಾದಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆ ಸೇರುವುದಿಲ್ಲ. ಹೀಗಾಗಿ ಬೆಡ್‌ರೂಮಿನ ಅಡ್ಡಗೋಡೆಯಲ್ಲಿ ಹುಟ್ಟಿದ ಬಿರುಕು ಮಾಲೀಕರ ಸ್ವಂತದ್ದು. ಅದು ಮೂಲೆ ದಾಟಿ ಹೊರಗೋಡೆಗೆ ಕಾಲಿಟ್ಟ ಕ್ಷಣ ಅಸೋಸಿಯೇಷನ್ ಪಾಲು. ಸೀಲಿಂಗಿಗೆ ಏರಿದರೆ ಮೇಲಿನ ಮನೆಯವರ ಬಾತ್‌ರೂಮಿಗೆ ಸೇರಿದ್ದು. ಬಿರುಕಿಗೆ ಈ ಸರಹದ್ದುಗಳ ತಿಳಿವಳಿಕೆ ಇರುವುದಿಲ್ಲ. ವಕೀಲರಿಗೆ ಇರುತ್ತದೆ.

ಹೊಣೆ ಯಾರದು ಎಂಬುದಕ್ಕೆ ಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ: ಅಲ್ಲಿ ಇಲ್ಲದವರದು. ಬಿಲ್ಡರ್ ಕಂಟ್ರಾಕ್ಟರನ್ನು ತೋರಿಸುತ್ತಾರೆ, ಕಂಟ್ರಾಕ್ಟರ್ ಗಾರೆ ಮೇಸ್ತ್ರಿಯನ್ನು. ಮೇಸ್ತ್ರಿ ಹಬ್ಬಕ್ಕೆಂದು ಊರಿಗೆ ಹೋಗಿರುತ್ತಾನೆ. ಯಾವ ಹಬ್ಬ ಎಂದು ಕೇಳುವುದು ಸಭ್ಯತೆಯಲ್ಲ.

ಐದು ವರ್ಷದ ಲೆಕ್ಕ ಶುರುವಾಗಲು ಮೊದಲು ಮನೆ ಕೈಗೆ ಬರಬೇಕಷ್ಟೆ. ಅದು ತಡವಾದರೆ 6ನೇ ಸೆಕ್ಷನ್ ಇದೆ. ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಇತ್ಯಾದಿ ಪ್ರಕೃತಿ ವಿಕೋಪಗಳಿಗೆ ಯೋಜನೆಯ ಅವಧಿ ವಿಸ್ತರಿಸಬಹುದು. ಈ ವಿಷಯದಲ್ಲಿ ಬೆಂಗಳೂರಿನ ಸಹಕಾರ ಮೆಚ್ಚತಕ್ಕದ್ದು. 2022ರ ಸೆಪ್ಟೆಂಬರಿನಲ್ಲಿ ಐಟಿ ಕಾರಿಡಾರಿನ ವಿಲ್ಲಾಗಳ ಮುಂದೆ ಟ್ರ್ಯಾಕ್ಟರ್ ಮತ್ತು ದೋಣಿ ಓಡುವಷ್ಟು ಪ್ರವಾಹ. 2024ರ ಮಾರ್ಚಿನಲ್ಲಿ ಕಾವೇರಿ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ ಜಲಮಂಡಳಿಯಿಂದ 5,000 ರೂಪಾಯಿ ದಂಡ ಬೀಳುವಷ್ಟು ಬರ. ಚಂಡಮಾರುತಕ್ಕೆ ಮಾತ್ರ ಈಗಲೂ ಬಂಗಾಳ ಕೊಲ್ಲಿಯನ್ನೇ ನೆಚ್ಚಿಕೊಳ್ಳಬೇಕಾಗಿದೆ. ಪಟ್ಟಿಯಲ್ಲಿ ಇಲ್ಲದ ಒಂದೇ ಕಾರಣ, ನಿಮ್ಮ ದುಡ್ಡಿನಲ್ಲಿ ಪಕ್ಕದ ಪ್ರಾಜೆಕ್ಟಿಗೆ ಅಡಿಪಾಯ ತೋಡಿದ್ದು. ಇದನ್ನು ತಡೆಯಲೆಂದೇ ಖರೀದಿದಾರರ ಹಣದ ಶೇ. 70ನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಇದ್ದರೂ ಕೆಲವು ಅಡಿಪಾಯಗಳು ಪಕ್ಕಕ್ಕೇ ಹೋಗುತ್ತವೆ, ಮಣ್ಣಿನ ಗುಣವಿರಬೇಕು.

ಹಟ ಹಿಡಿದು ರೇರಾದಲ್ಲಿ ಗೆದ್ದವರೂ ಇದ್ದಾರೆ. ಗೆದ್ದ ಹಣವನ್ನು 40ನೇ ಸೆಕ್ಷನ್ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಆದೇಶ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಾಲ್ಲೂಕು ಕಚೇರಿಗೆ ಇಳಿದು, ಪಹಣಿ, ಪೋಡಿ, ಚುನಾವಣೆ ಕೆಲಸಗಳ ಮಗ್ಗುಲಲ್ಲಿ ಸರತಿ ಹಿಡಿಯುತ್ತದೆ. ಕಂದಾಯ ಉಳಿಸಿಕೊಂಡ ರೈತನಿಗೂ ಕೋಟಿ ಉಳಿಸಿಕೊಂಡ ಬಿಲ್ಡರಿಗೂ ಕಾನೂನು ಒಂದೇ. ರೈತನ ಮನೆ ಎಲ್ಲಿದೆ ಎಂಬುದು ತಹಶೀಲ್ದಾರರಿಗೆ ಗೊತ್ತಿರುತ್ತದೆ, ವ್ಯತ್ಯಾಸ ಅಷ್ಟೆ.

ಇಷ್ಟೆಲ್ಲ ವ್ಯವಧಾನವಿಲ್ಲದವರು ಫ್ಲ್ಯಾಟ್ ಮಾರುವುದೇ ಮೇಲು. ಕೊಳ್ಳುವವರು ನೋಡಲು ಬರುವ ಮುನ್ನ ಬಿರುಕಿನ ಮೇಲೆ ತಿರುಪತಿ ತಿಮ್ಮಪ್ಪನ ದೊಡ್ಡ ಫೋಟೊ ಬರಲಿ. ದೇವರ ಫೋಟೊ ಸರಿಸಿ ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮೊಳೆ ಹೊಡೆಯಬೇಡಿ, ಗೋಡೆ ತಡೆಯಲಿಕ್ಕಿಲ್ಲ. ಅಂಟಿಸುವ ಕೊಕ್ಕೆ ಅಂಗಡಿಯಲ್ಲಿ ಸಿಗುತ್ತದೆ.